ಒಂದನೇ ಕಾಟಾದ ಚೀಟಿ

ವೆಂಕಮ್ಮನಿಗೆ ತನ್ನ ಕೆಲಸದ ಮೇಲೆ ಎಷ್ಟು ನಂಬಿಕೆಯಿತ್ತೆಂದರೆ, ಅದರಲ್ಲಿ ತಪ್ಪಿದೆ ಎಂದು ಮೊದಲು ಹೇಳಿದವಳೂ ಅವಳೇ. ಅರ್ಧಂಬರ್ಧ ಕಲಿತವರು ತಪ್ಪನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಓಡಾಡುತ್ತಾರೆ. ಅವಳಿಗೆ ಆ ಚಾಳಿ ಇರಲಿಲ್ಲ.

ಅದು ಎಂಬತ್ತೆಂಟರ ಹತ್ತಿ ಸುಗ್ಗಿ. ರಾಯಚೂರಿನ ಗಂಜ್ ಮಾರುಕಟ್ಟೆಯ ಹತ್ತಿರ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲೊಂದರ ಅಂಗಳದಲ್ಲಿ ಬೆಳಕು ಹರಿಯುವ ಮೊದಲೇ ಬಂಡಿಗಳೂ ಟ್ರ್ಯಾಕ್ಟರುಗಳೂ ಸಾಲುಗಟ್ಟುತ್ತಿದ್ದವು. ಮಿಲ್ಲಿನ ಮಾಲೀಕರು ಇದ್ದದ್ದು ಹೈದರಾಬಾದಿನಲ್ಲಿ. ಅವರಿಗೆ ಕಂಪ್ಯೂಟರಿನ ಹುಚ್ಚು ಹಿಡಿದು, ರಾಯಚೂರಿಗೆ ಒಂದು, ದೇವದುರ್ಗ ಮತ್ತು ಮಾನ್ವಿಯ ಶಾಖೆಗಳಿಗೆ ಒಂದೊಂದು ಕಳಿಸಿದ್ದರು. ಅವುಗಳಿಗೆ ಪ್ರೋಗ್ರಾಮ್ ಬರೆದವಳು ವೆಂಕಮ್ಮ. ದೇವದುರ್ಗದ ಕೂಲಿಯವಳಾದ ಗೋಪಮ್ಮನ ಮಗಳು, ಸ್ಕಾಲರ್‌ಶಿಪ್ಪಿನ ಮೇಲೆ ಗುಲಬರ್ಗಾದಲ್ಲಿ ಇಂಜಿನಿಯರಿಂಗ್ ಓದಿ ಬಂದವಳು. ಇಪ್ಪತ್ತಾರರ ಹುಡುಗಿ ಮೂರೂರಿನ ಕಂಪ್ಯೂಟರ್ ನೋಡಿಕೊಳ್ಳುವುದೆಂದರೆ ಕೆಲವರಿಗೆ ಹೊಟ್ಟೆಯಲ್ಲಿ ಖಾರ ಕಲಸಿದಂತಾಗುತ್ತಿತ್ತು. ಅವಳು ಅದನ್ನು ತಲೆಗೆ ಹಚ್ಚಿಕೊಂಡವಳಲ್ಲ.

ಕೆಲಸದ ರೀತಿ ಸರಳವಾಗಿತ್ತು. ಬಂಡಿ ಬಂದು ತೂಕದ ಕಾಟಾದ ಮೇಲೆ ನಿಲ್ಲಬೇಕು. ತೂಕದವನು ರೈತನ ಟೋಕನ್ ನಂಬರ್ ಹಾಕಿ ಕೆಂಪು ಗುಂಡಿ ಒತ್ತಬೇಕು. ಒಳಗೆ ತಂಪು ಕೋಣೆಯಲ್ಲಿದ್ದ ಕಂಪ್ಯೂಟರು ತೂಕ ತಿಳಿದುಕೊಂಡು, ಕಾಟಾದ ಪಕ್ಕದ ಯಂತ್ರದಿಂದ ಚೀಟಿ ಹೊರಹಾಕುತ್ತಿತ್ತು. ರಾಯಚೂರಿನಲ್ಲಿ ಕಾಟಾ ಎರಡು. ಒಂದನೆಯದರ ಮೇಲೆ ಚಂದ್ರಬಂಡದ ಮೌನಪ್ಪ, ಎರಡನೆಯದರ ಮೇಲೆ ತಾಯಣ್ಣ. ಇಬ್ಬರೂ ಅಲ್ಲೇ ತಲೆ ನೆರೆತ ಹಳಬರು.

ಸುಗ್ಗಿ ಏರುತ್ತಿದ್ದಂತೆ ಒಂದನೇ ಕಾಟಾದ ಚೀಟಿಗಳು ದಾರಿ ತಪ್ಪತೊಡಗಿದವು. ಕಲ್ಲೂರಿನ ರೈತನೊಬ್ಬ ಟ್ರ್ಯಾಕ್ಟರು ತುಂಬ ಹತ್ತಿ ತಂದರೆ ಅವನ ಚೀಟಿಯಲ್ಲಿ ಒಂದು ಬಂಡಿಯ ತೂಕ. ಅವನು ಅಂಗಳವೇ ಹಾರಿಹೋಗುವಂತೆ ಕೂಗಾಡಿದ. ಮರುದಿನ ಸಣ್ಣ ಬಂಡಿಯವನೊಬ್ಬನಿಗೆ ಟ್ರ್ಯಾಕ್ಟರಿನ ತೂಕ ಬಂತು. ಅವನು ಮಾತ್ರ ಎತ್ತುಗಳ ಬಾಲ ತಿರುವಿ ಸದ್ದಿಲ್ಲದೆ ಜಾಗ ಖಾಲಿ ಮಾಡಿದ. ತಪ್ಪು ಬಂದರೆ ದಿನಕ್ಕೊಂದೇ, ಅಷ್ಟೆ. ಆದರೆ ಸೋಮವಾರ ಬೆಳಿಗ್ಗೆ ಬಂದದ್ದು ಮಂಗಳವಾರ ಸಂಜೆ ಬರುತ್ತಿತ್ತು, ಬುಧವಾರ ಊಟದ ಹೊತ್ತಿಗೆ. ಹೈದರಾಬಾದಿನಿಂದ ಬಂದ ಯಂತ್ರದ ಕಂಪನಿಯವನು ಮೊದಲು ಕರೆಂಟಿನ ಮೇಲೆ ಹೇಳಿದ, ಆಮೇಲೆ ರಾಯಚೂರಿನ ಬಿಸಿಲಿನ ಮೇಲೆ ಹೇಳಿದ. ಡಿಸೆಂಬರಿನಲ್ಲಿ ಬಿಸಿಲಿನ ಮೇಲೆ ಹೇಳಿದವನನ್ನು ಏನೆನ್ನಬೇಕು? ರೈಲು ಹತ್ತಿಸಿ ಕಳಿಸಿದರು.

ವೆಂಕಮ್ಮ ತನ್ನ ಪ್ರೋಗ್ರಾಮಿನ ಒಂದೊಂದು ಹೆಜ್ಜೆಗೂ ಕಾವಲು ಕೂರಿಸಿದಳು. 'ಈಗ ತೂಕ ತಗೊಂಡೆ', 'ಈಗ ನಂಬರ್ ನೋಡಿದೆ', 'ಈಗ ಚೀಟಿ ಕೊಟ್ಟೆ' ಎಂದು ಅದು ಪರದೆಯ ಮೇಲೆ ಹೇಳುತ್ತ ಹೋಗಬೇಕು. ಎಡವಿದ ಕಡೆ ಹಿಡಿದು ಹಾಕಬೇಕು. ಹಾಗೆ ಮಾಡಿದ ದಿನವೇ ತಪ್ಪು ಮಾಯ. ಎಲ್ಲರೂ ಖುಷಿಪಟ್ಟರು, ಅವಳೊಬ್ಬಳನ್ನು ಬಿಟ್ಟು. ಕಾವಲಿನಿಂದ ಯಂತ್ರ ನಿಧಾನವಾಯಿತೆಂದು ಅದನ್ನು ತೆಗೆದ ಕೂಡಲೇ ತಪ್ಪು ಮತ್ತೆ ಹಾಜರು. ನೋಡಲು ಹೋದರೆ ಅಡಗಿಕೊಳ್ಳುತ್ತದೆ, ಬೆನ್ನು ತಿರುಗಿಸಿದರೆ ಕುಣಿಯುತ್ತದೆ. ಯಂತ್ರ ಕೊಂಚ ನಿಧಾನವಾದರೆ ಸಾಕು, ತಪ್ಪು ಇಲ್ಲವಾಗುತ್ತದೆ. ಹಾಗಾದರೆ ಇದು ಕರೆಂಟಿನದಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಯಾರು ಮೊದಲು ಯಾರು ಆಮೇಲೆ ಎಂಬುದರ ಜಗಳ ಎಂದು ಅವಳಿಗೆ ಹೊಳೆಯಿತು.

ಆದರೆ ಅಷ್ಟರಲ್ಲಿ ಮ್ಯಾನೇಜರು ಕಳ್ಳನನ್ನು ಹಿಡಿದಾಗಿತ್ತು.

ಮ್ಯಾನೇಜರ್ ವಾದಿರಾಜ ಆಚಾರ್ಯರು ಕೆಟ್ಟವರೇನಲ್ಲ. ಮಡಿಯ ಮನುಷ್ಯ, ಲೆಕ್ಕದ ಮನುಷ್ಯ. ಅವರ ತರ್ಕವೂ ಲೆಕ್ಕದ ಹಾಗೆ ಸರಿಯಾಗಿಯೇ ಇತ್ತು. ಕಂಪ್ಯೂಟರು ಒಂದೇ, ಪ್ರೋಗ್ರಾಮೂ ಒಂದೇ. ಎರಡನೇ ಕಾಟಾದ ಚೀಟಿ ಒಂದು ದಿನವೂ ತಪ್ಪಿಲ್ಲ, ತಪ್ಪುವುದೆಲ್ಲ ಒಂದನೆಯದೇ. ಬೇರೆಯಾದದ್ದು ಗುಂಡಿ ಒತ್ತುವ ಕೈ ಒಂದೇ. ಸೋಮವಾರ ಅವರು ಹಮಾಲರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, ಮೌನಪ್ಪನನ್ನು ಕಾಟಾದಿಂದ ಇಳಿಸಿದರು. ಬಂಡಿಯವರ ಜೊತೆ ಕೈ ಕೂಡಿಸಿ ತೂಕ ಅದಲುಬದಲು ಮಾಡಿದ್ದಾನೆ, ಶನಿವಾರದೊಳಗೆ ಒಪ್ಪಿಕೊಳ್ಳದಿದ್ದರೆ ಪೊಲೀಸರಿಗೆ ಕೊಡುತ್ತೇನೆ, ಅಲ್ಲಿಯವರೆಗೆ ಗೇಟಿನ ಹತ್ತಿರ ಕಣ್ಣೆದುರಿಗೆ ಕೂತಿರಲಿ ಎಂದರು. ಒಂದನೇ ಕಾಟಾ ಬಂದ್ ಆಯಿತು. ಅವತ್ತಿನಿಂದ ಒಂದು ಚೀಟಿಯೂ ತಪ್ಪಲಿಲ್ಲ. ಆಚಾರ್ಯರಿಗೆ ಇನ್ನೇನು ಸಾಕ್ಷಿ ಬೇಕು?

ಅದೇ ಸೋಮವಾರ, ಮಾನ್ವಿಯ ಬಸ್ಸು ಹಿಡಿಯಲು ಹೊರಟಿದ್ದ ವೆಂಕಮ್ಮ ದಾರಿ ಬದಲಿಸಿ ನೇರವಾಗಿ ಅವರ ಕೋಣೆಗೆ ಹೋದಳು.

"ಸಾಹೇಬ್ರ, ಮೌನಪ್ಪಂದು ತಪ್ಪಿಲ್ಲ. ತಪ್ಪು ನನ್ನ ಪ್ರೋಗ್ರಾಮಿನಾಗ ಅದ."

"ನೀವ ಹೇಳಿದ್ರಲ್ಲಾ ವೆಂಕಮ್ಮನವರ, ಯಂತ್ರ ತಪ್ಪೋದಿಲ್ಲಂತ?"

"ಯಂತ್ರ ತಪ್ಪೋದಿಲ್ಲರಿ. ಬರದಾಕಿ ತಪ್ತಾಳ."

ಆಚಾರ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಂಗಿದ್ರ ಎಲ್ಲಿ ತಪ್ಪೀರಿ, ತೋರಸ್ರಿ. ನಿಮ್ಮವ ಅಂತ ಕನಿಕರ ಮಾಡಬ್ಯಾಡ್ರಿ."

'ನಿಮ್ಮವ' ಎಂಬ ಮಾತು ಚುಚ್ಚಿತು. ಮೌನಪ್ಪ ಅವಳ ಊರಿನವನೂ ಅಲ್ಲ, ನೆಂಟನೂ ಅಲ್ಲ. ಅವನೂ ಅವಳೂ ಊರಾಚೆಯ ಕೇರಿಯವರು ಎಂಬುದಷ್ಟೇ ಆ ಮಾತಿನ ಅರ್ಥ. ಸಿಟ್ಟು ಮೂಗಿನ ತುದಿಗೆ ಬಂತು. ಆದರೆ ಸಿಟ್ಟನ್ನು ಅವರ ಮೇಲೆ ಖರ್ಚು ಮಾಡುವುದಕ್ಕಿಂತ ಕೆಲಸಕ್ಕೆ ಇಟ್ಟುಕೊಳ್ಳುವುದು ವಾಸಿಯೆಂದು ನುಂಗಿಕೊಂಡಳು.

"ಎಲ್ಲಿ ಅನ್ನೋದು ಇನ್ನಾ ಗೊತ್ತಿಲ್ಲ. ಶನಿವಾರದೊಳಗ ತೋರಸ್ತೀನಿ," ಎಂದು ಹೊರಬಿದ್ದಳು.

ಗೇಟಿನ ಬಳಿ ಮೌನಪ್ಪ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ. ಬರುವ ಬಂಡಿಯವರೆಲ್ಲ ಅವನನ್ನು ನೋಡಿಯೇ ಒಳಗೆ ಹೋಗಬೇಕು. ವೆಂಕಮ್ಮ ನಿಂತು, "ಯಪ್ಪಾ, ಅಂಜಬ್ಯಾಡ," ಎಂದಳು. ಹೇಳಿ ಮಾನ್ವಿಯ ಬಸ್ಸಿಗೆ ನಡೆದಳು.

ದೇವದುರ್ಗದಲ್ಲಿ ಇದ್ದದ್ದು ಒಂದೇ ಕಾಟಾ. ಅಲ್ಲಿ ಜಗಳಕ್ಕೆ ಜೊತೆಯೇ ಇಲ್ಲ. ಮಾನ್ವಿಯಲ್ಲಿ ಮಾತ್ರ ಎರಡು, ಬರುವ ಬಂಡಿಗಳೂ ರಾಯಚೂರಿಗಿಂತ ಹೆಚ್ಚು. ಆದರೂ ಅಲ್ಲಿ ಒಂದೂ ದೂರಿಲ್ಲ. ಮಂಗಳವಾರ ಇಡೀ ದಿನ ಅವಳು ಮಾನ್ವಿಯ ಕಾಟಾದ ಹತ್ತಿರವೇ ನಿಂತಳು. ಅಲ್ಲಿನ ತೂಕದ ವಲಿ ಪಾಷಾ ಬಾಯಿತುಂಬ ಎಲೆ ಹಾಕಿಕೊಂಡು ಗುಂಡಿ ಒತ್ತುತ್ತಿದ್ದ. ಅವನು ನಮಾಜಿಗೆ ಹೋದರೆ ಆಚೆ ಕಾಟಾದವನು ಎರಡನ್ನೂ ನೋಡಿಕೊಳ್ಳುತ್ತಿದ್ದ.

"ನೀವಿಬ್ರೂ ಒಂದಽ ಸಲ ಗುಂಡಿ ಒತ್ತೋದು ಅದ ಏನ್ರಿ?" ಎಂದು ಕೇಳಿದಳು.

"ಎಲ್ಲಿಂದ್ರಿ ಬಾಯಾರ? ಬಂಡಿ ಬಂದಂಗ ಒತ್ತತೀವಿ. ಅವನ ಕಡಿ ನೋಡಾಕ ನನಗ ಫುರಸತ್ತರ ಎಲ್ಲದ?" ಎಂದು ನಕ್ಕ.

ಬಸ್ಸಿನಲ್ಲಿ ಮರಳುವಾಗ ಅವಳ ತಲೆಯಲ್ಲಿ ಪ್ರೋಗ್ರಾಮು ಸಾಲುಸಾಲಾಗಿ ಓಡುತ್ತಿತ್ತು. ಕಾಟಾಕ್ಕೊಂದರಂತೆ ಅದರಲ್ಲಿ ಎರಡು ಎಳೆಗಳಿದ್ದವು. ಕಂಪ್ಯೂಟರು ಒಂದಿಷ್ಟು ಇದರ ಕೆಲಸ, ಒಂದಿಷ್ಟು ಅದರ ಕೆಲಸ ಎಂದು ಎರಡನ್ನೂ ನಡೆಸಿಕೊಂಡು ಹೋಗುತ್ತಿತ್ತು. ಕಲ್ಲೂರು ದಾಟುವ ಹೊತ್ತಿಗೆ ಅವಳು ಸೀಟಿನಲ್ಲಿ ನೆಟ್ಟಗೆ ಕೂತಳು. ತೂಕವನ್ನು ತಂದಿಟ್ಟುಕೊಳ್ಳಲು ಎರಡೂ ಎಳೆಗಳಿಗೆ ಅವಳು ಕೊಟ್ಟದ್ದು ಒಂದೇ ಜಾಗ! ಜಾಗ ಉಳಿಸುವ ಜಾಣತನಕ್ಕೆ ಹೋಗಿ ಹಾಗೆ ಬರೆದಿದ್ದಳು. ಒಂದೇ ತಾಟಿನಲ್ಲಿ ಇಬ್ಬರಿಗೆ ಬಡಿಸಿದ ಹಾಗೆ ಅದು. ಒಂದನೆಯವನ ರೊಟ್ಟಿ ಹಾಕಿ ಅವನನ್ನು ಕೂಗುವಷ್ಟರಲ್ಲಿ, ಅದನ್ನು ತೆಗೆದು ಎರಡನೆಯವನ ರೊಟ್ಟಿ ಹಾಕಿದರೆ, ಇಬ್ಬರೂ ತಿನ್ನುವುದು ಎರಡನೆಯವನದನ್ನೇ. ಒಂದನೇ ಕಾಟಾದ ಸರದಿ ಯಾವಾಗಲೂ ಮೊದಲು. ಅದಕ್ಕೇ ಕೆಡುವುದು ಯಾವಾಗಲೂ ಮೌನಪ್ಪನ ಚೀಟಿ.

ಖುಷಿಯಿಂದ ಅವಳು ಪಕ್ಕದ ಮುದುಕಿಯ ತೊಡೆಯನ್ನೇ ಬಡಿದಳು. ಮುದುಕಿ ಬೈದಳು.

ಆದರೆ ಕಗ್ಗಂಟು ಪೂರ್ತಿ ಬಿಚ್ಚಿರಲಿಲ್ಲ. ಹಾಗಾಗಬೇಕಾದರೆ ಇಬ್ಬರೂ ಒಂದೇ ಗಳಿಗೆಯಲ್ಲಿ ಗುಂಡಿ ಒತ್ತಬೇಕು. ಮಾನ್ವಿಯಲ್ಲಿ ಅದು ಆಗುವುದೇ ಇಲ್ಲ ಎನ್ನುವಷ್ಟು ಅಪರೂಪ. ರಾಯಚೂರಿನಲ್ಲಿ ಹೆಚ್ಚುಕಡಿಮೆ ದಿನಕ್ಕೊಮ್ಮೆ, ಅದೂ ದಿನಕ್ಕೊಂದು ಹೊತ್ತಿನಲ್ಲಿ ಹೇಗೆ ಆಗುತ್ತದೆ? ಇದನ್ನು ಹೇಳದೆ ಹೋದರೆ ಆಚಾರ್ಯರು, "ಕಾಗದದ ಮ್ಯಾಲಿನ ಮಾತು ಬ್ಯಾಡ್ರಿ" ಎಂದು ಬಾಗಿಲು ತೋರಿಸುತ್ತಾರೆ.

ಗುರುವಾರ ಅವಳು ತಂಪು ಕೋಣೆ ಬಿಟ್ಟು, ಪರೀಕ್ಷೆಗೆಂದು ಒಂದನೇ ಕಾಟಾ ತೆರೆಸಿ ತಾನೇ ಹತ್ತಿ ಕೂತಳು. ಇಷ್ಟು ದಿನ ಅಂಗಳದ ಕೆಲಸವನ್ನು ಗಾಜಿನ ಆಚೆಯಿಂದ ಕಂಡವಳು, ಮೊದಲ ಸಲ ಅದರ ನಡುವೆ ಕೂತಿದ್ದಳು. ಮಧ್ಯಾಹ್ನದವರೆಗೂ ಒತ್ತಿದ್ದೇ ಒತ್ತಿದ್ದು, ತಪ್ಪು ಸುಳಿಯಲಿಲ್ಲ. ಒಂದೂವರೆಗೆ ತಾಯಣ್ಣ ಗುಂಡಿಯಿಂದ ಕೈ ತೆಗೆದ. ಅವನ ಕಾಟಾದ ಮೇಲೆ ಒಂದು ಟ್ರ್ಯಾಕ್ಟರು ಬಂದು ನಿಂತಿತು, ಅವಳ ಕಾಟಾಕ್ಕೆ ಒಂದು ಬಂಡಿ ಬಂತು, ಎತ್ತು ಬಿಚ್ಚಿದರು. ಹಮಾಲರು ಬುತ್ತಿ ಬಿಚ್ಚಿದರು.

"ಯಾಕೋ ಅಣ್ಣಾ, ಒತ್ತಲ್ಲಾ?"

"ರಾಹುಕಾಲ ಅಲ್ರಿ ಮೇಡಮ್ಮೋರ. ಮೂರರತನ ಕಾಟಾ ಮುಟ್ಟಂಗಿಲ್ಲ."

"ಇವತ್ತಷ್ಟ?"

"ದಿನಾ. ದಿನಕ್ಕೊಂದು ಹೊತ್ತು ಇರತದ. ಮುಗದ ಕೂಡ್ಲೆ ಆಚಾರ್ಯರು ಘಂಟಿ ಬಾರಸ್ತಾರ. ಘಂಟಿಗೆ ಎರಡೂ ಕಾಟಾ ಕೂಡೇ ಶುರು ಆಗಬೇಕು, ಶುಭ ಅಂತ. ನಾನು ಮೌನಪ್ಪ ಗುಂಡಿ ಮ್ಯಾಲ ಬಟ್ಟು ಇಟ್ಕೊಂಡಽ ಕುಂತಿರ್ತೀವಿ."

ವೆಂಕಮ್ಮ ಕೂತಲ್ಲೇ ಗಟ್ಟಿಯಾಗಿ ನಕ್ಕಳು. ದಿನವೂ ಕಿವಿಗೆ ಬೀಳುತ್ತಿದ್ದ ಆ ಘಂಟೆಯನ್ನು ಅವಳು ಚಹಾದ ಘಂಟೆ ಎಂದುಕೊಂಡಿದ್ದಳು! ಅವಳದಾದರೂ ಏನು ತಪ್ಪು? ಅವಳು ಸಣ್ಣವಳಿದ್ದಾಗಲೇ ಅವರ ಮನೆಗೆ ಬುದ್ಧನ ಪಟ ಬಂದಿತ್ತು, ಅದೇ ದಿನ ಅಪ್ಪ ಪಂಚಾಂಗವನ್ನು ಒಲೆಗೆ ಹಾಕಿದ್ದ. ರಾಹು ಯಾವ ವಾರ ಯಾವ ಹೊತ್ತಿಗೆ ಬಂದು ಹೋಗುತ್ತಾನೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಚಾರ್ಯರಿಗೋ, ಅದು ಉಸಿರಾಡಿದಷ್ಟು ಸಹಜ; ಉಸಿರಾಡುತ್ತೇನೆ ಎಂದು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೆ? ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ನಡುವೆ ಮೌನಪ್ಪ ಗೇಟಿಗೆ ಬಿದ್ದ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೇ ಅವಳು ಆಚಾರ್ಯರನ್ನು ಅಂಗಳಕ್ಕೆ ಕರೆತಂದಳು. ಎರಡನೇ ಕಾಟಾದ ಮೇಲೆ ಕಲ್ಲೂರಿನವರ ಹತ್ತಿ ತುಂಬಿದ ಟ್ರ್ಯಾಕ್ಟರು ನಿಂತಿತ್ತು. ಒಂದನೆಯದರ ಮೇಲೆ ಆಚಾರ್ಯರದೇ ಸ್ಕೂಟರು ನಿಲ್ಲಿಸಿದಳು.

"ಗುಂಡಿ ನೀವಽ ಒತ್ರಿ ಸಾಹೇಬ್ರ. ನಾ ಘಂಟಿ ಬಾರಸ್ತೀನಿ. ಕೇಳಿದ ಕೂಡ್ಲೆ ನೀವೂ ತಾಯಣ್ಣನೂ ಒತ್ತಬೇಕು."

"ನಾನಾ?"

"ನಿಮ್ಮ ಕೈ ಮ್ಯಾಲ ನಿಮಗ ಅನುಮಾನ ಇಲ್ಲಲ್ಲ?"

ಹಮಾಲರು ಕೆಲಸ ಬಿಟ್ಟು ಸುತ್ತ ನೆರೆದರು. ಘಂಟೆ ಹೊಡೆಯಿತು. ಸ್ಕೂಟರಿನ ಚೀಟಿ ಬಂತು: ಒಂದು ಕ್ವಿಂಟಲಿಗೆ ಹತ್ತಿರ. ಸರಿಯಾಗಿಯೇ ಇತ್ತು. ಆಚಾರ್ಯರು ಹುಬ್ಬು ಏರಿಸಿದರು. ಎರಡನೇ ಸಲವೂ ಸರಿ. ಗುಂಪಿನಲ್ಲಿ ಗುಸುಗುಸು ಎದ್ದಿತು. ಗೇಟಿನ ಬಳಿ ಎದ್ದು ನಿಂತಿದ್ದ ಮೌನಪ್ಪ ಮತ್ತೆ ಕುಕ್ಕರಿಸಿದ. ಬೇರೆಯವರಾಗಿದ್ದರೆ ಬೆವರುತ್ತಿದ್ದರು. ವೆಂಕಮ್ಮನಿಗೆ ಮಾತ್ರ ಇದು ಪ್ರತಿ ಸಲವೂ ಬೀಳುವ ಏಟಲ್ಲವೆಂದು ಗೊತ್ತಿತ್ತು; ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೂರನೇ ಸಲ ಘಂಟೆ ಹೊಡೆದಳು.

ಚೀಟಿ ಹರಿದುಕೊಂಡ ಆಚಾರ್ಯರು ಅದನ್ನು ಕಣ್ಣ ಹತ್ತಿರ ತಂದರು, ದೂರ ಹಿಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ತಾಯಣ್ಣ ಇಣುಕಿ ನೋಡಿ ಕೂಗಿಯೇಬಿಟ್ಟ: "ಆಚಾರ್ಯರ ಸ್ಕೂಟರು ನಲವತ್ತು ಕ್ವಿಂಟಲ್ ತೂಗಾಕತ್ತದಲೇ!"

ಅಂಗಳವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಚಾರ್ಯರ ಮುಖ ಕೆಂಪಾಯಿತು, ಆಮೇಲೆ ಬಿಳಚಿತು. ಅವರ ಕೈಯಿಂದಲೇ ಬಂದ ಚೀಟಿ; ಯಾರ ಮೇಲೆ ಹಾಕುತ್ತಾರೆ? ವೆಂಕಮ್ಮ ಎಲ್ಲರಿಗೂ ಕೇಳುವಂತೆ ಒಂದೇ ಜಾಗದ, ಎರಡು ಎಳೆಗಳ ಕಥೆ ಹೇಳಿದಳು.

"ಅಂದ್ರ, ರಾಹುಕಾಲ ಹಿಡಿಯೋದು ತಪ್ಪು ಅಂತೀರೇನು?" ಆಚಾರ್ಯರ ದನಿ ಸಣ್ಣದಾಗಿತ್ತು.

"ರಾಹು ನಿಮ್ಮವ, ಇಟ್ಕೋರಿ. ತಪ್ಪು ನಂದು."

"ಅಲ್ಲಾ, ತಾಯಣ್ಣಗ ಒಂದು ಉಸಿರು ತಡದು ಒತ್ತು ಅಂತ ಹೇಳಿದ್ರ ಮುಗೀತಲ್ಲ?"

"ಮಂದಿ ತಮಗ ತಿಳದಂಗ ಒತ್ಲಿ ಸಾಹೇಬ್ರ. ಇಬ್ರು ಕೂಡೇ ಒತ್ತಿದ್ರ ತಡಕೊಳ್ಳೋದು ನನ್ನ ಪ್ರೋಗ್ರಾಮಿನ ಕೆಲಸ. ಇವತ್ತಿನ್ಯಾಗ ಮಾಡಿಕೊಡ್ತೀನಿ."

ಆಚಾರ್ಯರದೂ ಒಂದು ದೊಡ್ಡತನ ಹೇಳಬೇಕು. ಚೀಟಿ ಹಿಡಿದುಕೊಂಡೇ ಗೇಟಿನ ತನಕ ನಡೆದುಹೋಗಿ, "ಮೌನಪ್ಪಾ, ನಂದು ತಪ್ಪಾಯ್ತು, ಏಳು," ಎಂದರು. ಅಷ್ಟು ಮಂದಿಯ ಎದುರು ಅವರ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲಿರಬೇಕು.

ಮೌನಪ್ಪ ಎದ್ದ. ಆದರೆ ಕಾಟಾದ ಕಡೆ ಹೋಗಲಿಲ್ಲ. ವೆಂಕಮ್ಮನ ಎದುರಿಗೆ ಬಂದು ನಿಂತ.

"ಮೇಡಮ್ಮೋರ, ನೀವು ಇಲ್ಲಿ ಹೇಳಿದ್ರಿ, ಇವ್ರು ಕೇಳಿದ್ರು, ನಕ್ರು. ನನ್ನ ಹೆಣ್ತಿ ಬಸ್ಸಮ್ಮ ಸೋಮವಾರದಿಂದ ನೀರಿಗೆ ಹೋಗಿಲ್ಲ. ಹೋದ್ರ ಬೋರಿಂಗ್ ಕಟ್ಟಿ ಮ್ಯಾಲ ಕಳ್ಳನ ಹೆಣ್ತಿ ಅಂತಾರ. ಇಲ್ಲಿ ಬಾರಸಿದ ಘಂಟಿ ಚಂದ್ರಬಂಡಕ್ಕ ಕೇಳತದೇನು?"

 ತಪ್ಪು ಹುಡುಕುವ ಹುರುಪಿನಲ್ಲಿ ವೆಂಕಮ್ಮ ಗೇಟಿನಿಂದಾಚೆ ಯೋಚಿಸಿಯೇ ಇರಲಿಲ್ಲ. ಗೆದ್ದೆ ಎಂದು ಉಬ್ಬಿದ ಎದೆ ನಾಚಿಕೆಯಿಂದ ಕುಗ್ಗಿತು.

"ನಾಳಿ ನಾನಽ ಬರ್ತೀನಿ ಯಪ್ಪಾ," ಎಂದಳು.

ಆ ದಿನ ಅವಳು ಪ್ರೋಗ್ರಾಮಿಗೆ ಬಾಗಿಲು ಹಚ್ಚಿದಳು. ಒಂದು ಎಳೆ ಒಳಗಿದ್ದರೆ ಇನ್ನೊಂದು ಹೊರಗೆ ಕಾಯಬೇಕು. ಮೊದಲ ಸಲ ಬರೆದಾಗ ಎರಡೂ ಕಾಟಾ ಹೆಪ್ಪುಗಟ್ಟಿ ನಿಂತವು. ಒಂದು ಎಳೆ ತೂಕದ ಜಾಗ ಹಿಡಿದುಕೊಂಡು ಚೀಟಿಯ ಸರದಿಗೆ ಕಾಯುತ್ತಿತ್ತು, ಇನ್ನೊಂದು ಚೀಟಿಯ ಸರದಿ ಹಿಡಿದುಕೊಂಡು ತೂಕದ ಜಾಗಕ್ಕೆ ಕಾಯುತ್ತಿತ್ತು. ಎರಡೂ ಮೊಂಡು, ಸಂಜೆವರೆಗೆ ಬಿಟ್ಟರೂ ಅಲುಗುತ್ತಿರಲಿಲ್ಲ. "ನನ್ನಂಥವೇ ಹುಟ್ಟ್ಯಾವ," ಎಂದು ಗೊಣಗಿ, ಯಾರೇ ಬಂದರೂ ಮೊದಲು ತೂಕದ ಜಾಗ, ಆಮೇಲೆ ಚೀಟಿ ಎಂದು ಇಬ್ಬರಿಗೂ ಒಂದೇ ಕ್ರಮ ಹಾಕಿದಳು. ಆಮೇಲೆ ಆಚಾರ್ಯರೂ ತಾಯಣ್ಣನೂ ಬೆರಳು ನೋಯುವ ತನಕ ಒಟ್ಟಿಗೆ ಒತ್ತಿದರು. ಸ್ಕೂಟರು ಸ್ಕೂಟರಾಗಿಯೇ ಉಳಿಯಿತು.

ಶನಿವಾರ ಇಳಿಹೊತ್ತಿಗೆ ಅವಳೂ ಮೌನಪ್ಪನೂ ಚಂದ್ರಬಂಡದಲ್ಲಿ ಬಸ್ಸಿಳಿದರು. ಬಸ್ಸಮ್ಮ ಹೊಸ್ತಿಲ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಖಾಲಿ ಕೊಡ ಮಲಗಿತ್ತು. ವೆಂಕಮ್ಮ ಅವಳೆದುರು ನೆಲದ ಮೇಲೆ ಕೂತು, ಸುತ್ತಿಬಳಸದೆ ಹೇಳಿದಳು: ಚೀಟಿ ತಪ್ಪಿದ್ದು ತಾನು ಬರೆದ ಪ್ರೋಗ್ರಾಮಿನಿಂದ, ಮೌನಪ್ಪನ ಕೈಯಿಂದಲ್ಲ.

ಬಸ್ಸಮ್ಮ ಮೊರ ಕೆಳಗಿಟ್ಟಳು. "ಅದನ್ನ ನೀ ಬರದಿದ್ದಾ?"

"ನಾನಽ ಯವ್ವಾ."

"ಮತ್ತ ನಿನ್ನ ಯಾರೂ ಗೇಟಿನಾಗ ಕುಂದ್ರಸಲಿಲ್ಲಾ?"

 ವೆಂಕಮ್ಮ ಇಲ್ಲವೆಂದು ತಲೆಯಾಡಿಸಿದಳು. ಬಸ್ಸಮ್ಮ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಇನ್ನೊಂದು ಕೈಯಲ್ಲಿ ವೆಂಕಮ್ಮನ ರಟ್ಟೆ ಹಿಡಿದಳು.

"ನನಗ ಹೇಳಿ ಏನ್ ಬಂತು? ನನ್ನ ಗಂಡ ಎಂಥಾವ ಅಂತ ನನಗ ಗೊತ್ತದ. ನಡಿ."

ಬೋರಿಂಗ್ ಕಟ್ಟೆಯ ಮೇಲೆ ಹೆಂಗಸರು ಸಾಲುಗಟ್ಟಿದ್ದರು. ಬಸ್ಸಮ್ಮನನ್ನು ಕಂಡು ಮಾತು ನಿಂತಿತು. ವೆಂಕಮ್ಮ ಕಟ್ಟೆ ಹತ್ತಿ ನಿಂತು, ತನ್ನ ಹೆಸರು, ತನ್ನ ಊರು, ತನ್ನ ಕೆಲಸ ಹೇಳಿ, "ಮಿಲ್ಲಿನ್ಯಾಗ ತೂಕ ತಪ್ಪಿದ್ದು ನನ್ನ ತಪ್ಪಿನಿಂದ. ಮೌನಪ್ಪ ಒಂದು ಕಾಳಷ್ಟೂ ತಪ್ಪು ಮಾಡಿಲ್ಲ," ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೋರಿಂಗಿನ ಹಿಡಿಕೆ ಹಿಡಿದಿದ್ದ ಅಂಬಮ್ಮ ಎಂಬಾಕೆ ಮಾತ್ರ, ಏನೂ ಕೇಳಲಿಲ್ಲವೆಂಬಂತೆ ನೀರು ಜಗ್ಗುತ್ತಲೇ ಇದ್ದಳು.

"ಇನ್ನೊಮ್ಮೆ ಹೇಳವ್ವಾ," ಎಂದಳು ಬಸ್ಸಮ್ಮ. "ಜೋರು ಹೇಳು. ಅಂಬಮ್ಮಗ ಕೇಳಿಲ್ಲಂತ."

ವೆಂಕಮ್ಮ ಉಸಿರು ತುಂಬಿಕೊಂಡು, ಊರ ಆಚೆ ತುದಿಯ ಮನೆಗಳಿಗೂ ಮುಟ್ಟುವಂತೆ ಕೂಗಿ ಹೇಳಿದಳು. ಅಂಬಮ್ಮನ ಕೈ ನಿಂತಿತು. ಅವಳು ತಲೆ ತಗ್ಗಿಸಿ, ತುಂಬಿದ ತನ್ನ ಕೊಡವನ್ನು ಸರಿಸಿಕೊಂಡಳು. ಬಸ್ಸಮ್ಮ ಸಾಲಿನಲ್ಲಿ ನಿಂತವರ ಸರದಿಯನ್ನು ಕೇಳಲಿಲ್ಲ, ಯಾರೂ ತಡೆಯಲೂ ಇಲ್ಲ. ಸೀದಾ ಹೋಗಿ ತನ್ನ ಕೊಡವನ್ನು ನೀರಿನ ಕೆಳಗಿಟ್ಟಳು.